‘ಬಿಡ್ತು ಅನ್ನು’ ಅನ್ನುವ ಮುನ್ನ

ಅಮೆರಿಕದಲ್ಲಿ 12 ದಾಟಿದ ಮಕ್ಕಳನ್ನು ವರ್ಷದ ಚೆಕಪ್‌ಗೆ ಕರೆದುಕೊಂಡು ಹೋದ ಅಪ್ಪ-ಅಮ್ಮಂದಿರಲ್ಲಿ ಹಲವರಿಗೆ ಇದು ಗೊತ್ತಿರುತ್ತದೆ. ಎತ್ತರ, ತೂಕ, ಲಸಿಕೆ ಎಲ್ಲ ಮುಗಿದ ಮೇಲೆ ಡಾಕ್ಟರು, “ನೀವು ಸ್ವಲ್ಪ ಹೊತ್ತು ಹೊರಗೆ ಕೂತಿರಿ” ಎನ್ನುತ್ತಾರೆ. ಒಳಗೆ ಏನು ಮಾತಾಯಿತು ಎಂದು ಆಮೇಲೆ ಕಾರಿನಲ್ಲಿ ಕೇಳಿದರೆ ಮಗು ಏನೂ ವಿಶೇಷವಿಲ್ಲ ಎನ್ನುವ ಹಾಗೆ ಹೇಳುತ್ತದೆ: “ಸಾಯ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ ಅಂತ ಕೇಳಿದ್ರು.” ನಮ್ಮ ಎದೆ ಧಸಕ್ಕೆನ್ನುತ್ತದೆ. ಹಿಂದೆಯೇ ಸಿಟ್ಟೂ ಬರುತ್ತದೆ. ಆಡಿಕೊಂಡಿರುವ ಮಗುವಿನ ತಲೆಗೆ ಇಲ್ಲದ್ದನ್ನೆಲ್ಲ ಯಾಕೆ ತುಂಬುತ್ತಾರೆ ಇವರು?

ಡಾಕ್ಟರು ತಮಗೆ ತೋಚಿದ್ದನ್ನು ಕೇಳಿದ್ದಲ್ಲ. 12 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಎಲ್ಲ ಮಕ್ಕಳಿಗೂ ಈ ಪ್ರಶ್ನೆ ಕೇಳಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಶಿಫಾರಸು ಮಾಡಿದೆ. ಮಗುವಿನ ಮುಖ ಸಪ್ಪಗಿದ್ದರೆ ಮಾತ್ರ ಅಲ್ಲ, ನಗುನಗುತ್ತಿದ್ದರೂ ಕೇಳಬೇಕು. ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಇದಕ್ಕೆಂದೇ ಸಿದ್ಧಪಡಿಸಿದ ‘ಎಎಸ್‌ಕ್ಯೂ’ ಎಂಬ ಪಟ್ಟಿಯಲ್ಲಿ ಇರುವುದು ಕೆಲವೇ ಪ್ರಶ್ನೆಗಳು. ಕೇಳಲು ಹಿಡಿಯುವ ಸಮಯ ಸುಮಾರು 20 ಸೆಕೆಂಡು. ಆ 20 ಸೆಕೆಂಡಿನ ಮಾತು ನಮಗೆ ಯಾಕೆ ಇಷ್ಟು ಕಷ್ಟ ಎನ್ನುವುದನ್ನು ಈ ಸಲ ನೋಡೋಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಂಶೋಧನೆ ನನ್ನ ವೃತ್ತಿ, ಆದರೆ ನಾನು ಮನೋವೈದ್ಯಳಲ್ಲ. ಪ್ರಕಟವಾದ ಅಧ್ಯಯನಗಳನ್ನು ಓದಿ, ಅದರಲ್ಲಿ ನಮ್ಮ ಮನೆಗಳಿಗೆ ಬೇಕಾದದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಷ್ಟೇ ಇಲ್ಲಿ ನನ್ನ ಕೆಲಸ.

ಅಸ್ತು ದೇವತೆಗಳ ಭಯ

ನಾವು ಬೆಳೆದ ಮನೆಗಳಲ್ಲಿ ಸಾವಿನ ಮಾತು ಬಾಯಿಗೆ ಬಂದರೆ ಸಾಕು, ಅಜ್ಜಿಯೋ ಅಮ್ಮನೋ ಓಡಿ ಬರುತ್ತಿದ್ದರು. “ಥೂ, ಬಿಡ್ತು ಅನ್ನು! ಸಂಜೆ ಹೊತ್ತು ಅಂಥ ಮಾತಾಡಬಾರದು. ಮೇಲೆ ಅಶ್ವಿನಿ ದೇವತೆಗಳು ಓಡಾಡ್ತಿರ್ತಾರೆ, ಅಸ್ತು ಅಂದುಬಿಟ್ರೆ?” ನಾವು “ಬಿಡ್ತು” ಎನ್ನುತ್ತಿದ್ದೆವು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅದರ ಹಿಂದೆ ಇದ್ದದ್ದು ಪ್ರೀತಿಯೇ. ಕೆಟ್ಟದ್ದು ಮಗುವಿನ ಹತ್ತಿರ ಸುಳಿಯಬಾರದು ಎಂಬ ಆಸೆ. ಆದರೆ ಅದರಲ್ಲಿ ಒಂದು ನಂಬಿಕೆಯೂ ಸೇರಿಕೊಂಡಿದೆ: ಹೆಸರು ಹಿಡಿದರೆ ಬರುತ್ತದೆ, ಹೆಸರು ಹಿಡಿಯದಿದ್ದರೆ ಬರುವುದಿಲ್ಲ. ಊರು ಬಿಟ್ಟು, ದೇಶ ಬಿಟ್ಟು ಬಂದರೂ ಈ ನಂಬಿಕೆ ನಮ್ಮ ಜೊತೆಗೇ ಬಂದಿದೆ. ಡಾಕ್ಟರ ಮೇಲೆ ಸಿಟ್ಟು ಬರುವುದು ಇದೇ ಕಾರಣಕ್ಕೆ. ಇಂಥ ಭಯ ನಮಗೆ ಮಾತ್ರ ಇರುವುದೂ ಅಲ್ಲ. “ಕೇಳಿದರೆ ಆ ಯೋಚನೆ ಬಿತ್ತಿದ ಹಾಗಾಗುತ್ತದೆ” ಎಂಬ ಅಳುಕು ಪಾಶ್ಚಾತ್ಯ ದೇಶಗಳ ಶಿಕ್ಷಕರಲ್ಲಿ, ವೈದ್ಯರಲ್ಲಿ ಕೂಡ ಬಹಳ ವರ್ಷ ಇತ್ತು. ಹಾಗಾಗಿಯೇ ಅದನ್ನು ಪರೀಕ್ಷೆ ಮಾಡಿ ನೋಡಿದರು.

2005ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಪ್ರಶ್ನೆಪಟ್ಟಿಯಲ್ಲಿ ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರ ಪ್ರಶ್ನೆಗಳಿದ್ದವು, ಇನ್ನೊಂದರಲ್ಲಿ ಇರಲಿಲ್ಲ. ಪಟ್ಟಿ ತುಂಬಿದ ಕೂಡಲೇ ಮಕ್ಕಳ ಮನಸ್ಥಿತಿ ಹೇಗಿದೆ ಎಂದು ನೋಡಿದರು. ಎರಡು ದಿನ ಬಿಟ್ಟು ಮತ್ತೆ ನೋಡಿದರು. ಪ್ರಶ್ನೆ ಎದುರಿಸಿದ ಮಕ್ಕಳಲ್ಲಿ ಸಂಕಟವೂ ಹೆಚ್ಚಿರಲಿಲ್ಲ, ಅಂಥ ಯೋಚನೆಗಳೂ ಹೆಚ್ಚಿರಲಿಲ್ಲ. ಮೊದಲೇ ಖಿನ್ನತೆಯ ಲಕ್ಷಣಗಳಿದ್ದ ಮಕ್ಕಳ ವಿಷಯದಲ್ಲಿ ನಾವು ಹೆದರುವುದಕ್ಕೆ ಉಲ್ಟಾ ಆಗಿತ್ತು. ಪ್ರಶ್ನೆ ಕೇಳಿಸಿಕೊಂಡವರ ಸಂಕಟ ಕೇಳಿಸಿಕೊಳ್ಳದವರಿಗಿಂತ ಕಡಿಮೆಯೇ ಇತ್ತು.

ಒಂದೇ ಅಧ್ಯಯನ ನಂಬಿ ಕೂರಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. 2014ರಲ್ಲಿ ಇಂಥ 13 ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ಪರಿಶೀಲಿಸಿದ ಲೇಖನವೊಂದು ‘ಸೈಕಲಾಜಿಕಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ಹದಿಹರೆಯದವರು, ದೊಡ್ಡವರು, ಈಗಾಗಲೇ ಕಷ್ಟದಲ್ಲಿದ್ದವರು ಎಲ್ಲರೂ ಆ ಅಧ್ಯಯನಗಳಲ್ಲಿದ್ದರು. ಕೇಳಿದ್ದರಿಂದ ಅಂಥ ಯೋಚನೆ ಗಣನೀಯವಾಗಿ ಹೆಚ್ಚಾಯಿತು ಎಂದು 13ರಲ್ಲಿ ಒಂದೂ ಹೇಳಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷದ 20 ಸಾವಿರಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. 15ರಿಂದ 29 ವರ್ಷದವರ ಸಾವಿನ ಕಾರಣಗಳಲ್ಲಿ ಇದು ಮೂರನೆಯದು. ಇಷ್ಟು ದೊಡ್ಡ ವಿಷಯವನ್ನು ಮಗು ಎಲ್ಲಿಯೂ ಕೇಳಿರುವುದಿಲ್ಲ ಎಂದು ನಾವು ಅಂದುಕೊಂಡರೆ ಅದು ನಮ್ಮ ಭ್ರಮೆ. ಸ್ಕೂಲಿನಲ್ಲಿ, ಫೋನಿನಲ್ಲಿ, ಗೆಳೆಯರ ಬಾಯಲ್ಲಿ ಕೇಳಿಯೇ ಇರುತ್ತದೆ. ಕೇಳದೇ ಇರುವುದು ನಮ್ಮ ಬಾಯಲ್ಲಿ ಮಾತ್ರ.

ಬೇಜಾರು ಅಂದರೆ ಯಾವ ಬೇಜಾರು?

ಈಗ ನಮ್ಮಂಥ ಎರಡು ಭಾಷೆಯ ಮನೆಗಳ ಕಷ್ಟಕ್ಕೆ ಬರೋಣ. ಕನ್ನಡದಲ್ಲಿ ‘ಬೇಜಾರು’ ಎಂಬ ಒಂದು ಪದ ಇದೆ. ಮಳೆ ಬಂದು ಆಟ ನಿಂತರೆ ಬೇಜಾರು. ಗೆಳತಿ ಮಾತು ಬಿಟ್ಟರೆ ಬೇಜಾರು. ಅಜ್ಜ ತೀರಿಕೊಂಡರೂ ಬೇಜಾರು. ಬದುಕೇ ಬೇಡ ಅನಿಸಿದರೂ ಬಾಯಿಗೆ ಬರುವುದು ಅದೇ ಬೇಜಾರು. ಊರಿನಲ್ಲಿ ಬೆಳೆದ ನಮಗೆ ಧ್ವನಿಯಿಂದಲೇ ಯಾವ ಬೇಜಾರು ಎಂದು ತಿಳಿಯುತ್ತದೆ. ಇಲ್ಲಿ ಬೆಳೆದ ಮಗುವಿನ ಕನ್ನಡದಲ್ಲಿ ಆ ಏರಿಳಿತ ಇರುವುದಿಲ್ಲ. ಅದು “ಅಮ್ಮಾ, ಬೇಜಾರಾಗ್ತಿದೆ” ಎಂದರೆ ನಾವು “ಬೇಜಾರಾದ್ರೆ ಪುಸ್ತಕ ಓದು” ಎಂದು ಹೇಳಿ ಒಗ್ಗರಣೆ ಕಡೆ ತಿರುಗುತ್ತೇವೆ.

ಇನ್ನು ನಮ್ಮ ಮಕ್ಕಳ ಮನೆಗನ್ನಡ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ. ಊಟಕ್ಕೆ ಬಾ, ಹಲ್ಲುಜ್ಜು, ಹೋಂವರ್ಕ್ ಆಯ್ತಾ, ಶೂ ಒಳಗಿಡು, ಅಜ್ಜಿಗೆ ನಮಸ್ಕಾರ ಹೇಳು. ಇವೆಲ್ಲ ಕೆಲಸ ಹೇಳುವ ಕನ್ನಡ. ಮನಸ್ಸಿನ ವಿಷಯ ಹೇಳಿಕೊಳ್ಳುವ ಪದಗಳನ್ನು ಮಗು ಸ್ಕೂಲಿನಲ್ಲಿ, ಇಂಗ್ಲಿಷಿನಲ್ಲೋ ಜರ್ಮನ್‌ನಲ್ಲೋ ಕಲಿತಿರುತ್ತದೆ. ಅದೇ ಹೊತ್ತಿಗೆ ಮನೆಯಲ್ಲಿ ನಮ್ಮದೊಂದು ನಿಯಮ: “ಮನೆ ಒಳಗೆ ಕನ್ನಡ ಮಾತ್ರ.” ಒಳ್ಳೆಯ ನಿಯಮವೇ. ಆದರೆ ಏನನ್ನೋ ಹೇಳಬೇಕೆಂದು ಬಂದ ಮಗು ಇಂಗ್ಲಿಷಿನಲ್ಲಿ ಶುರು ಮಾಡಿದ ತಕ್ಷಣ ನಾವು “ಕನ್ನಡದಲ್ಲಿ ಹೇಳು” ಎಂದರೆ ಅದು ಅರ್ಧ ವಾಕ್ಯಕ್ಕೇ ನಿಲ್ಲಿಸಿ “ಏನಿಲ್ಲ ಬಿಡು” ಎಂದು ರೂಮಿಗೆ ಹೋಗುತ್ತದೆ. ನಾವು ಉಳಿಸಿದ್ದು ಒಂದು ವಾಕ್ಯದ ಕನ್ನಡ, ಕಳೆದುಕೊಂಡದ್ದು ಆ ಮಾತನ್ನೇ.

ನಮ್ಮ ಕಡೆಯಿಂದಲೂ ಭಾಷೆ ಅಡ್ಡ ಬರುತ್ತದೆ. 2003ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಟರ್ಕಿಶ್ ತಾಯ್ನುಡಿಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರಿಗೆ ಎರಡೂ ಭಾಷೆಗಳ ಪದಗಳನ್ನು ಓದಿಸಿ, ಕೇಳಿಸಿ, ಚರ್ಮದ ಮೇಲಿನ ಸೂಕ್ಷ್ಮ ಬೆವರಿನ ಬದಲಾವಣೆ ಅಳೆದರು. ಬೈಗುಳದಂಥ ಆಡಬಾರದ ಮಾತುಗಳಿಗೆ, ಚಿಕ್ಕಂದಿನಲ್ಲಿ ದೊಡ್ಡವರು ಗದರುವ ಮಾತುಗಳಿಗೆ, ಮೈ ಹೆಚ್ಚು ಸ್ಪಂದಿಸಿದ್ದು ತಾಯ್ನುಡಿಯಲ್ಲೇ. ನಮ್ಮ ಅನುಭವವೂ ಇದೇ ತಾನೇ? ಆಫೀಸಿನ ತರಬೇತಿಯಲ್ಲಿ ‘ಸೂಯಿಸೈಡ್ ಪ್ರಿವೆನ್ಷನ್’ ಎಂದು ಸಲೀಸಾಗಿ ಹೇಳುವ ನಾವು ಸ್ವಂತ ಮಗುವಿಗೆ “ಸಾಯ್ಬೇಕು ಅನ್ಸುತ್ತಾ ಕಂದಾ?” ಎಂದು ಕೇಳಬೇಕಾದರೆ ನಾಲಿಗೆ ಏಳುವುದಿಲ್ಲ.

ಹಾಗಾದರೆ ಯಾವ ಭಾಷೆಯಲ್ಲಿ ಕೇಳಬೇಕು? ಯಾವ ಭಾಷೆಯಲ್ಲಿ ನಿಮ್ಮ ಧ್ವನಿ ನಡುಗದೆ ಕೇಳಲು ಆಗುತ್ತದೋ ಅದರಲ್ಲಿ ಕೇಳಿ. ಮಗುವಿಗೆ ಯಾವುದರಲ್ಲಿ ಸುಲಭವೋ ಅದರಲ್ಲಿ ಉತ್ತರಿಸಲಿ. ಒಂದೇ ವಾಕ್ಯದಲ್ಲಿ ಎರಡೂ ಬೆರೆತರೆ ಬೆರೆಯಲಿ. ‘ಕನ್ನಡ ಮಾತ್ರ’ ನಿಯಮ ಇರುವ ಮನೆಗಳಲ್ಲಿ ಅದಕ್ಕೆ ಇನ್ನೊಂದು ನಿಯಮ ಸೇರಿಸಿ, ಮಕ್ಕಳಿಗೂ ಹೇಳಿಡಿ: “ಮನಸ್ಸಿಗೆ ಕಷ್ಟ ಆದಾಗ ಯಾವ ಭಾಷೆ ಆದ್ರೂ ಸರಿ. ಆಗ ನಾನು ತಿದ್ದೋದಿಲ್ಲ.” ಇದರಿಂದ ಕನ್ನಡಕ್ಕೆ ನಷ್ಟವೇನಿಲ್ಲ. ತನ್ನ ಕಷ್ಟ ಕೇಳಿಸಿಕೊಂಡ ಮನೆಯ ಭಾಷೆ ಮಗುವಿಗೆ ಹತ್ತಿರವೇ ಆಗುತ್ತದೆ.

ಜೊತೆಗೆ, ಆರಾಮಾಗಿರುವ ದಿನಗಳಲ್ಲಿ ಪದಗಳನ್ನು ಕೂಡಿಡಿ. ಸಂಕಟ, ಹೊಟ್ಟೆ ಉರಿ, ಅವಮಾನ, ಒಂಟಿತನ, ಕಸಿವಿಸಿ, ತಳಮಳ, ಸುಸ್ತು, ದಿಗಿಲು. ಕನ್ನಡದಲ್ಲಿ ಇವಕ್ಕೇನೂ ಬರ ಇಲ್ಲ, ಮಕ್ಕಳ ಮುಂದೆ ನಾವು ಬಳಸುವುದಿಲ್ಲ ಅಷ್ಟೆ. “ಇವತ್ತು ಮೀಟಿಂಗ್‌ನಲ್ಲಿ ನನಗೆ ಅವಮಾನ ಆಯ್ತು ಕಣೋ, ಆಮೇಲೆ ಸ್ನೇಹಿತರ ಹತ್ರ ಹೇಳ್ಕೊಂಡೆ, ಹಗುರ ಆಯ್ತು” ಎಂದು ಅಪ್ಪ ಊಟದ ಹೊತ್ತಿಗೆ ಹೇಳಿದರೆ, ಅವಮಾನ ಆಗಬಹುದು, ಹೇಳಿಕೊಳ್ಳಬಹುದು, ಹಗುರ ಆಗಬಹುದು ಎಂಬ ಮೂರು ಪಾಠ ಒಟ್ಟಿಗೇ ಸಿಕ್ಕಿತು.

ಕೇಳುವುದು ಹೇಗೆ?

ಎದುರುಬದುರು ಕೂರಿಸಿಕೊಂಡು “ನಿನ್ ಜೊತೆ ಮಾತಾಡ್ಬೇಕು” ಎಂದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಕಾರಿನಲ್ಲಿ ಹೋಗುವಾಗ, ಬಟ್ಟೆ ಮಡಿಸುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಮುಖ ಮುಖ ನೋಡಬೇಕಾಗಿಲ್ಲದ ಹೊತ್ತಿನಲ್ಲಿ ಮಾತು ಸಲೀಸು.

ಕಣ್ಣಿಗೆ ಕಂಡದ್ದರಿಂದ ಶುರು ಮಾಡಿ. “ಎರಡು ವಾರದಿಂದ ಬ್ಯಾಸ್ಕೆಟ್‌ಬಾಲ್‌ಗೆ ಹೋಗ್ತಿಲ್ಲ. ರಾತ್ರಿ ನಿದ್ದೆ ಮಾಡ್ತಿಲ್ಲ. ಏನೋ ಆಗ್ತಿದೆ ಅಂತ ನಂಗನ್ಸುತ್ತೆ.” ಉತ್ತರಕ್ಕೆ ಕಾಯಿರಿ. ಮೌನವನ್ನು ಬುದ್ಧಿಮಾತಿನಿಂದ ತುಂಬಬೇಡಿ. ಆಮೇಲೆ ನೇರವಾಗಿ: “ಕೆಲವರಿಗೆ ತುಂಬ ಕಷ್ಟ ಆದಾಗ ಸತ್ತುಹೋದ್ರೆ ಚೆನ್ನಾಗಿತ್ತು ಅನ್ಸುತ್ತೆ. ನಿಂಗೂ ಹಾಗನ್ಸಿದ್ಯಾ ಪುಟ್ಟಾ?” ಇದನ್ನೇ “ಅಂಥದ್ದೆಲ್ಲ ಏನೂ ಇಲ್ಲ ತಾನೇ?” ಎಂದು ಕೇಳಿದರೆ, ‘ಇಲ್ಲ’ ಎನ್ನುವ ಉತ್ತರವನ್ನು ನಾವೇ ಮಗುವಿನ ಬಾಯಿಗೆ ಇಟ್ಟ ಹಾಗೆ.

ಗಮನಿಸಬೇಕಾದ ಕೆಲವು ಲಕ್ಷಣಗಳಿವೆ. ಗೆಳೆಯರಿಂದ, ಮನೆಯವರಿಂದ ದೂರವಾಗುವುದು. ಇಷ್ಟದ್ದರ ಮೇಲೆ ಆಸಕ್ತಿ ಹೋಗುವುದು. ನಿದ್ದೆ, ಊಟದಲ್ಲಿ ದೊಡ್ಡ ಬದಲಾವಣೆ. ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು. “ನಾನಿಲ್ದಿದ್ರೆ ನಿಮಗೆಲ್ಲ ಆರಾಮ” ಎನ್ನುವಂಥ ಮಾತು. “ಬರೀ ನಾಟಕ, ಗಮನ ಸೆಳೆಯೋಕೆ” ಎಂದು ಇದನ್ನು ತಳ್ಳಿಹಾಕಬೇಡಿ. ಗಮನ ಬೇಕಾಗಿರುವ ಮಗುವಿಗೆ ಗಮನ ಕೊಡುವುದರಲ್ಲಿ ತಪ್ಪೇನಿದೆ?

ಮಗು ‘ಹೌದು’ ಎಂದರೆ? ನಿಮ್ಮ ಭೂಮಿಯೇ ಕುಸಿದ ಹಾಗಾಗುತ್ತದೆ, ಸಹಜ. ಆದರೆ ಆ ಗಳಿಗೆಯಲ್ಲಿ ಮಗು ನೋಡುತ್ತಿರುವುದು ನಿಮ್ಮ ಮುಖವನ್ನೇ. ಕೆಲವು ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಿ. “ನಿನಗೇನು ಕಡಿಮೆ ಮಾಡಿದ್ದೀವಿ?” “ನಿನಗೋಸ್ಕರ ಅಲ್ವಾ ನಾವು ಊರು ಬಿಟ್ಟು ಬಂದಿದ್ದು?” “ಅಜ್ಜಿಗೆ ಗೊತ್ತಾದ್ರೆ ಎದೆ ಒಡ್ಕೊಂತಾರೆ.” ಇವೆಲ್ಲ ಈಗಾಗಲೇ ಭಾರ ಹೊತ್ತ ಮಗುವಿನ ಮೇಲೆ ಇನ್ನಷ್ಟು ಹೇರುವ ಮಾತುಗಳು. ಇದರ ಬದಲು ಹೀಗೆ ಹೇಳಬಹುದು: “ಹೇಳಿದ್ದು ಒಳ್ಳೇದಾಯ್ತು. ನಂಗೆ ನಿನ್ ಮೇಲೆ ಸಿಟ್ಟಿಲ್ಲ. ಇದನ್ನ ನೀನೊಬ್ಬನೇ ಹೊರೋದು ಬೇಡ. ಇಬ್ಬರೂ ಸೇರಿ ಸಹಾಯ ಹುಡುಕೋಣ.”

“ಯಾರಿಗೂ ಹೇಳ್ಬೇಡ” ಎಂದು ಮಗು ಬೇಡಿಕೊಂಡರೆ ಆ ಒಂದು ಆಣೆ ಮಾತ್ರ ಕೊಡಬೇಡಿ. “ಊರಿಗೆಲ್ಲ ಹೇಳಲ್ಲ, ಆದ್ರೆ ಸಹಾಯ ಮಾಡೋಕೆ ಗೊತ್ತಿರೋರಿಗೆ ಹೇಳ್ಲೇಬೇಕು” ಎನ್ನಿ. ಹೇಗೆ, ಯಾವಾಗ ಎಂದು ಮಗು ಯೋಚಿಸಿಟ್ಟಿದ್ದರೆ ಅದು ತುರ್ತು ಪರಿಸ್ಥಿತಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಕೂಡಲೇ ಸಹಾಯವಾಣಿಗೆ ಅಥವಾ ತುರ್ತು ಸಂಖ್ಯೆಗೆ ಫೋನ್ ಮಾಡಿ. ಮನೆಯಲ್ಲಿರುವ ಔಷಧಿಗಳನ್ನು, ಅಪಾಯ ಮಾಡಬಲ್ಲ ವಸ್ತುಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಿ. ಊರಿಂದ ಬಂದ ಅಜ್ಜ-ಅಜ್ಜಿಯ ಮಾತ್ರೆ ಡಬ್ಬಿಯೂ ಇದರಲ್ಲಿ ಸೇರಿತು. ಪ್ರಾಣಕ್ಕೆ ಸಂಚಕಾರ ತರುವ ಆ ತೀವ್ರ ಗಳಿಗೆ ಎಷ್ಟೋ ಜನರಲ್ಲಿ ಬಂದು ಹೋಗುವಂಥದ್ದು. ಅದು ದಾಟುವವರೆಗೆ ಜೊತೆಗೊಬ್ಬರು, ಕೈಗೆ ಸಿಗದ ಅಪಾಯ, ಇವೆರಡೂ ಜೀವ ಉಳಿಸುತ್ತವೆ.

ದೊಡ್ಡವರ ಮಾತು, ಮಕ್ಕಳ ಕಿವಿ

ಮಕ್ಕಳು ನಮ್ಮನ್ನು ನಂಬಿ ಹೇಳುತ್ತಾರೋ ಇಲ್ಲವೋ ಎನ್ನುವುದು ಬಹಳ ಮೊದಲೇ ತೀರ್ಮಾನವಾಗಿರುತ್ತದೆ. ಊರಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದಾಗ ಕನ್ನಡದ ಸುದ್ದಿ ವಾಹಿನಿಗಳಲ್ಲಿ ಏನು ಬರುತ್ತದೆ ಎಂದು ನಮಗೆ ಗೊತ್ತು. ಅದನ್ನು ನೋಡಿ ನಾವು ಸೋಫಾದ ಮೇಲೆ ಕೂತು, “ಹೇಡಿ, ಅಪ್ಪ-ಅಮ್ಮನ ಯೋಚನೆ ಬೇಡ್ವಾ?” ಎನ್ನುತ್ತೇವೆ. ಪಕ್ಕದಲ್ಲಿ ಐಪ್ಯಾಡ್ ಹಿಡಿದು ಕೂತ ಮಗು ತಲೆ ಎತ್ತುವುದಿಲ್ಲ. ಆದರೆ ಕೇಳಿಸಿಕೊಂಡಿರುತ್ತದೆ. ಇವರ ಹತ್ತಿರ ಈ ವಿಷಯ ಹೇಳುವಂತಿಲ್ಲ ಎಂದು ಅಂದೇ ಗಂಟು ಹಾಕಿಕೊಂಡಿರುತ್ತದೆ.

‘ಆತ್ಮಹತ್ಯೆ’ ಎಂಬ ಪದದಲ್ಲೇ ‘ಹತ್ಯೆ’ ಇದೆ, ಅಪರಾಧದ ವಾಸನೆ ಇದೆ. ಕಾನೂನು ಕೂಡ ಬಹಳ ಕಾಲ ಹಾಗೇ ನೋಡಿತು. ಬ್ರಿಟನ್ ಇದನ್ನು ಅಪರಾಧವೆಂದು ಎಣಿಸುವುದನ್ನು ಬಿಟ್ಟದ್ದು 1961ರಲ್ಲಿ. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿತು. ಸಿಂಗಪುರದಲ್ಲಿ ಯತ್ನ ಅಪರಾಧವಲ್ಲ ಎಂದಾದದ್ದು 2020ರಲ್ಲಿ. ಕಾನೂನುಗಳೇ ಮನಸ್ಸು ಬದಲಿಸಿಕೊಂಡಿವೆ. ಟಿವಿ ಮುಂದೆ ಕೂತ ನಾವು “ಪಾಪ, ಎಷ್ಟು ಸಂಕಟ ಆಗಿತ್ತೋ. ಯಾರಿಗಾದ್ರೂ ಹೇಳ್ಕೊಳ್ಳೋ ಹಾಗಿದ್ದಿದ್ರೆ ಚೆನ್ನಾಗಿತ್ತು” ಎನ್ನಬಹುದಲ್ಲ. ಒಂದೇ ಸುದ್ದಿ, ಆದರೆ ಪಕ್ಕದಲ್ಲಿದ್ದ ಮಗು ಕಲಿಯುವ ಪಾಠ ಬೇರೆ.

ಜನ ಏನಂದುಕೊಳ್ಳುತ್ತಾರೆ, ಕನ್ನಡ ಕೂಟದಲ್ಲಿ ಸುದ್ದಿಯಾಗುತ್ತದೆ, ವೀಸಾಗೆ ತೊಂದರೆಯಾದೀತು ಎಂಬ ಭಯಗಳೂ ನಮ್ಮಲ್ಲಿವೆ. ಗುಟ್ಟು ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂದು ಡಾಕ್ಟರನ್ನೇ, ಸ್ಕೂಲಿನ ಕೌನ್ಸೆಲರನ್ನೇ ನೇರವಾಗಿ ಕೇಳಿ. ಅವರಿಗೆ ಅದು ಹೊಸ ಪ್ರಶ್ನೆಯಲ್ಲ. ಭಯದಿಂದ ಸುಮ್ಮನಿರುವುದು ಮಾತ್ರ ಬೇಡ.

ಫೋನಿನಲ್ಲಿ ಇಟ್ಟುಕೊಳ್ಳಿ

ಅಮೆರಿಕ ಮತ್ತು ಕೆನಡಾದಲ್ಲಿ 988ಕ್ಕೆ ಫೋನ್ ಮಾಡಬಹುದು, ಮೆಸೇಜೂ ಕಳಿಸಬಹುದು. ಬ್ರಿಟನ್‌ನಲ್ಲಿ ಸಮಾರಿಟನ್ಸ್ 116 123, ಮಕ್ಕಳಿಗೆ ಚೈಲ್ಡ್‌ಲೈನ್ 0800 1111. ಆಸ್ಟ್ರೇಲಿಯಾದಲ್ಲಿ ಲೈಫ್‌ಲೈನ್ 13 11 14, ಮಕ್ಕಳಿಗೆ ಕಿಡ್ಸ್ ಹೆಲ್ಪ್‌ಲೈನ್ 1800 55 1800. ಸಿಂಗಪುರದಲ್ಲಿ ಎಸ್‌ಒಎಸ್ 1767. ಜರ್ಮನಿಯಲ್ಲಿ ಟೆಲಿಫೋನ್‌ಜೇಲ್‌ಜೋರ್ಗೆ 0800 111 0 111, ಮಕ್ಕಳಿಗೆ 116 111. ಗಲ್ಫ್‌ನಲ್ಲಿರುವವರು ಹತ್ತಿರದ ಆಸ್ಪತ್ರೆಯ, ಮನೆ ಡಾಕ್ಟರ ಮತ್ತು ಸ್ಥಳೀಯ ತುರ್ತು ಸೇವೆಯ ಸಂಖ್ಯೆಗಳನ್ನು ಇಂದೇ ಬರೆದಿಡಿ. ಊರಿನಲ್ಲಿರುವ ಅಪ್ಪ-ಅಮ್ಮ, ಅಕ್ಕ-ತಂಗಿಯರ ಮಕ್ಕಳಿಗೆ ಟೆಲಿ ಮಾನಸ್ 14416 ಹೇಳಿಕೊಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಗಳು ಮಕ್ಕಳಿಗೆ ಮಾತ್ರವಲ್ಲ. ಹೊಸ ದೇಶದಲ್ಲಿ ಒಂಟಿಯಾಗಿರುವ, ನಿದ್ದೆಯಿಲ್ಲದ ಅಪ್ಪ-ಅಮ್ಮಂದಿರಿಗೂ ಇವೆ.

ಪ್ರತಿ ವರ್ಷ ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ. 2003ರಿಂದ ನಡೆದುಬಂದಿದೆ. ಆದರೆ ಇದಕ್ಕೆ ಒಂದು ದಿನಕ್ಕಾಗಿ ಕಾಯಬೇಕಿಲ್ಲ. ಈ ವಾರ ಮಗು “ಬೇಜಾರು” ಎಂದಾಗ ಒಗ್ಗರಣೆಯ ಒಲೆ ಆರಿಸಿ, ಒಂದೇ ಒಂದು ಪ್ರಶ್ನೆ ಕೇಳಿ: “ಯಾವ ಥರದ ಬೇಜಾರು?” ಹತ್ತರಲ್ಲಿ ಒಂಬತ್ತು ಸಲ ಉತ್ತರ ವೈಫೈ ಬಗ್ಗೆಯೇ ಇದ್ದೀತು. ಆದರೂ ಕೇಳಿ. ಕೇಳಿದರೆ ಅಮ್ಮ ಹೆದರುವುದಿಲ್ಲ, ಅಪ್ಪ ಗದರುವುದಿಲ್ಲ ಎಂಬುದು ಹತ್ತನೆಯ ಸಲಕ್ಕೆ ಮಗುವಿಗೆ ಗೊತ್ತಿರಬೇಕು.